ಪಿಸಿಯ ಆರ್‌ಜಿಬಿ ಲೈಟ್‌ಗೆ ಯಾವ ಓಪನ್ ಸೋರ್ಸ್ ಸಾಫ್ಟ್‌ವೇರ್? ಸರ್ವಿಸ್ ಮಾಡುವವರನ್ನೇ ಕೇಳೋಣ

ಪ್ರಶ್ನೆ: ನಮಸ್ಕಾರ ಸರ್. ನನ್ನ ಪಿಸಿಯಲ್ಲಿ ಮದರ್‌ಬೋರ್ಡ್ ಒಂದು ಕಂಪನಿಯದು, ರ‍್ಯಾಮ್ ಇನ್ನೊಂದು ಕಂಪನಿಯದು. ಕೀಬೋರ್ಡ್, ಮೌಸ್ ಎರಡೂ ರೇಜರ್ ಕಂಪನಿಯವು. ಒಂದೊಂದರ ಲೈಟ್‌ಗೂ ಒಂದೊಂದು ಸಾಫ್ಟ್‌ವೇರ್ ಹಾಕಿಕೊಂಡು ಸಾಕಾಗಿದೆ. ಎಲ್ಲವೂ ಸದಾ ಹಿಂದೆ ಓಡುತ್ತಿರುತ್ತವೆ, ಕೆಲವು ಲಾಗಿನ್ ಬೇರೆ ಕೇಳುತ್ತವೆ. ನಾನು ವಿಂಡೋಸ್, ಲಿನಕ್ಸ್ ಎರಡನ್ನೂ ಬಳಸುತ್ತೇನೆ. ಓಪನ್‌ಆರ್‌ಜಿಬಿ ಅನ್ನುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಒಂದೇ ಸಾಕಾಗುತ್ತದಾ? ಅದನ್ನು ಹಾಕಿದರೆ ರ‍್ಯಾಮ್ ಹಾಳಾಗುತ್ತದೆ ಅಂತ ಒಬ್ಬರು ಹೇಳಿದರು. ನಿಜವಾ?

ಉತ್ತರ: ನಮಸ್ಕಾರ. ನಿಮ್ಮ ಹಾಗೆ ಬೇರೆ ಬೇರೆ ಕಂಪನಿಯ ಭಾಗಗಳಿದ್ದರೆ ಮೊದಲು ನೋಡಬೇಕಾದದ್ದು ಓಪನ್‌ಆರ್‌ಜಿಬಿಯನ್ನೇ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಲಾಗಿನ್ ಕೇಳುವುದಿಲ್ಲ. ಮದರ್‌ಬೋರ್ಡ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಕೀಬೋರ್ಡ್ ಎಲ್ಲವನ್ನೂ ಒಂದೇ ವಿಂಡೋದಲ್ಲಿ ತೋರಿಸುತ್ತದೆ.

ಆದರೆ ಡೌನ್‌ಲೋಡ್ ಮಾಡುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಒಂದೊಂದು ಭಾಗದ ಪೂರ್ತಿ ಮಾಡೆಲ್ ಹೆಸರು ಬರೆದುಕೊಂಡು, ಆ ಯೋಜನೆಯ ಸ್ವಂತ ಸೈಟಿನಲ್ಲಿರುವ ಸಪೋರ್ಟೆಡ್ ಡಿವೈಸ್ ಪಟ್ಟಿಯಲ್ಲಿ ಹುಡುಕಿ. ಕಂಪನಿ ಹೆಸರು ಪಟ್ಟಿಯಲ್ಲಿದೆ ಅಂದ ಮಾತ್ರಕ್ಕೆ ನಿಮ್ಮ ಮಾಡೆಲ್ ನಡೆಯುತ್ತದೆ ಅಂತಲ್ಲ. ಒಂದೇ ಕಂಪನಿಯ ಎರಡು ಬೋರ್ಡ್‌ಗಳಲ್ಲಿ ಲೈಟ್ ಚಿಪ್ ಬೇರೆ ಬೇರೆ ಇರುತ್ತದೆ. ಕಂಪನಿಗಳು ಸಾಮಾನ್ಯವಾಗಿ ಈ ಚಿಪ್‌ಗಳ ವಿವರ ಹೊರಗೆ ಕೊಡುವುದಿಲ್ಲ. ಆಸಕ್ತಿ ಇರುವವರೇ ಕೂತು, ಚಿಪ್‌ಗೆ ಏನು ಹೋಗುತ್ತದೆ, ಏನು ಬರುತ್ತದೆ ಅಂತ ನೋಡಿ ಕೋಡ್ ಬರೆಯುತ್ತಾರೆ. ಅದಕ್ಕೇ ಹೊಸ ಮಾಡೆಲ್‌ಗಳು ಪಟ್ಟಿಗೆ ಸೇರುವುದು ತಡ.

ಈಗ ರ‍್ಯಾಮ್ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಆ ಹೆದರಿಕೆಗೆ ಕಾರಣ ಇದೆ.

ಕೀಬೋರ್ಡ್, ಮೌಸ್, ಯುಎಸ್‌ಬಿ ಹಬ್ ಇವುಗಳ ಲೈಟ್‌ಗೆ ಮಾತು ಹೋಗುವುದು ಯುಎಸ್‌ಬಿ ಮೂಲಕ. ಅಲ್ಲಿ ಅಪಾಯ ಕಡಿಮೆ. ರ‍್ಯಾಮ್ ಮತ್ತು ಕೆಲವು ಮದರ್‌ಬೋರ್ಡ್‌ಗಳ ಲೈಟ್ ಇರುವುದು ಎಸ್‌ಎಂಬಸ್ ಅನ್ನುವ ದಾರಿಯಲ್ಲಿ. ಅದು ಬರೀ ಲೈಟ್‌ಗೆ ಅಂತ ಮಾಡಿದ ದಾರಿ ಅಲ್ಲ. ಪ್ರತಿ ರ‍್ಯಾಮ್ ಕಡ್ಡಿಯಲ್ಲೂ ಎಸ್‌ಪಿಡಿ ಅನ್ನುವ ಸಣ್ಣ ಮೆಮೊರಿ ಇರುತ್ತದೆ. ಆ ರ‍್ಯಾಮ್‌ನ ಗಾತ್ರ ಎಷ್ಟು, ವೇಗ ಎಷ್ಟು ಅಂತ ಬಯಾಸ್ (ಪಿಸಿ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ) ಓದುವುದು ಅದರಿಂದಲೇ. ಆ ಎಸ್‌ಪಿಡಿಯೂ ಇದೇ ದಾರಿಯಲ್ಲಿದೆ. ವಿಳಾಸ ತಪ್ಪಿ ಅಲ್ಲಿಗೆ ಏನಾದರೂ ಬರೆದುಬಿಟ್ಟರೆ ಮುಂದಿನ ಸಲ ಪಿಸಿ ಆ ಕಡ್ಡಿಯನ್ನು ಗುರುತಿಸದೇ ಹೋಗಬಹುದು. ಓಪನ್‌ಆರ್‌ಜಿಬಿಯ ಹಳೆಯ ಆವೃತ್ತಿಗಳ ಕಾಲದಲ್ಲಿ ಕೆಲವು ಎಂಎಸ್‌ಐ ಮದರ್‌ಬೋರ್ಡ್‌ಗಳ ಲೈಟ್ ಕಂಟ್ರೋಲರ್ ಕೆಟ್ಟಿದ್ದೂ ನಿಜ. ಆಮೇಲೆ ಆ ಭಾಗದ ಕೋಡನ್ನು ನಿಲ್ಲಿಸಿ, ತಿದ್ದಿ ಮತ್ತೆ ಸೇರಿಸಿದರು.

ಹಾಗಂತ ಹೆದರಿ ಬಿಡಬೇಕಿಲ್ಲ. ಪಟ್ಟಿಯಲ್ಲಿರುವ ರ‍್ಯಾಮ್ ಆದರೆ ಧೈರ್ಯವಾಗಿ ಬಳಸಿ. ಪಟ್ಟಿಯಲ್ಲಿ ಇಲ್ಲದಿದ್ದರೆ, ಬೇರೆ ಮಾಡೆಲ್‌ನ ಸೆಟ್ಟಿಂಗ್ ಹಾಕಿ ಪ್ರಯೋಗ ಮಾಡಬೇಡಿ. ಸೆಟ್ಟಿಂಗ್ಸ್‌ನಲ್ಲಿ ಡಿವೈಸ್‌ಗಳ ಪಟ್ಟಿ ಇದೆ, ಬೇಡದ್ದರ ಟಿಕ್ ತೆಗೆದರೆ ಅದನ್ನು ಹುಡುಕುವುದನ್ನೇ ಬಿಡುತ್ತದೆ. ಇನ್ನೊಂದು, ಕಂಪನಿಯ ಸಾಫ್ಟ್‌ವೇರನ್ನು ಪೂರ್ತಿ ತೆಗೆದ ಮೇಲೇ ಇದನ್ನು ಹಾಕಿ. ಎರಡು ಪ್ರೋಗ್ರಾಂಗಳು ಒಂದೇ ಹೊತ್ತಿಗೆ ಎಸ್‌ಎಂಬಸ್‌ನಲ್ಲಿ ಮಾತಾಡಲು ಹೋದರೆ ಒಂದರ ಮಾತಿನ ನಡುವೆ ಇನ್ನೊಂದು ನುಗ್ಗುತ್ತದೆ. ನಾನು ಸರ್ವಿಸ್‌ನಲ್ಲಿ ನೋಡುವ ಬಣ್ಣ ಮಿನುಗುವ, ಅರ್ಧ ಹತ್ತಿ ಅರ್ಧ ಆರುವ ತೊಂದರೆಗಳಲ್ಲಿ ಜಾಸ್ತಿ ಇದೇ.

ವಿಂಡೋಸ್‌ನಲ್ಲಿ ಎಸ್‌ಎಂಬಸ್ ಮುಟ್ಟಲು ಒಂದು ಡ್ರೈವರ್ ಬೇಕು. ಮೊದಲು ವಿನ್‌ರಿಂಗ್0 ಅನ್ನುವ ಡ್ರೈವರ್ ಇತ್ತು. ಅದರಲ್ಲಿ ಭದ್ರತೆಯ ದೋಷ ಇರುವುದು 2020ರಲ್ಲೇ ದಾಖಲಾಗಿದೆ. 2025ರಲ್ಲಿ ವಿಂಡೋಸ್ ಡಿಫೆಂಡರ್ ಅದನ್ನು ಹಿಡಿದು ತಡೆಯಲು ಶುರುಮಾಡಿತು. ಹೊಸ ಆವೃತ್ತಿಯ ಓಪನ್‌ಆರ್‌ಜಿಬಿ ಅದರ ಬದಲು ಪಾನ್‌ಐಒ ಅನ್ನುವ ಡ್ರೈವರ್ ಬಳಸುತ್ತದೆ. ಹಾಗಾಗಿ ಹಳೆಯ ವಿಡಿಯೊ ನೋಡಿ ಡಿಫೆಂಡರ್ ಆಫ್ ಮಾಡಲು ಹೋಗಬೇಡಿ, ದಯವಿಟ್ಟು. ಲೈಟ್‌ಗೋಸ್ಕರ ಇಡೀ ಪಿಸಿಯ ಬಾಗಿಲು ತೆರೆದಿಡುವುದು ಬೇಡ. ಹೊಸ ಆವೃತ್ತಿಯನ್ನೇ ಹಾಕಿ.

ಪ್ರಶ್ನೆ: ಬಹಳ ಧನ್ಯವಾದ ಸರ್. ಲಿನಕ್ಸ್‌ನಲ್ಲಿ ಹಾಕಿದೆ, ಕೀಬೋರ್ಡ್ ಕಾಣಿಸುತ್ತಿದೆ, ರ‍್ಯಾಮ್ ಕಾಣಿಸುತ್ತಿಲ್ಲ. ರೇಜರ್‌ಗೆ ಓಪನ್‌ರೇಜರ್ ಅಂತ ಬೇರೆ ಇದೆಯಲ್ವಾ, ಅದೂ ಬೇಕಾ?

ಉತ್ತರ: ರ‍್ಯಾಮ್ ಕಾಣಿಸಲು, ಆ ಎಸ್‌ಎಂಬಸ್ ದಾರಿ ಮುಟ್ಟಲು ಬೇಕಾದ ಐ2ಸಿ-ಡೆವ್ ಕರ್ನಲ್ ಮಾಡ್ಯೂಲ್ (ಲಿನಕ್ಸ್‌ನ ಒಳಗೆ ಸೇರುವ ಡ್ರೈವರ್) ಲೋಡ್ ಆಗಿರಬೇಕು. ಜೊತೆಗೆ ಇಂಟೆಲ್ ಬೋರ್ಡ್ ಆದರೆ ಐ2ಸಿ-ಐ801, ಎಎಂಡಿ ಆದರೆ ಐ2ಸಿ-ಪಿಐಐಎಕ್ಸ್4. ಆಮೇಲೆ ಓಪನ್‌ಆರ್‌ಜಿಬಿಯ ಯುಡೆವ್ ರೂಲ್ಸ್ ಹಾಕಿದ್ದೀರಾ ನೋಡಿ. ಅದು ಇಲ್ಲದಿದ್ದರೆ ಮಾಮೂಲಿ ಬಳಕೆದಾರನಿಗೆ ಡಿವೈಸ್ ಮುಟ್ಟಲು ಅನುಮತಿ ಸಿಗುವುದಿಲ್ಲ. ಕಾಣಿಸಲಿಲ್ಲ ಅಂತ ರೂಟ್ ಆಗಿ, ಅಂದರೆ ಎಲ್ಲ ಅಧಿಕಾರ ಕೊಟ್ಟು, ಓಡಿಸುವವರು ಇದ್ದಾರೆ. ಅದು ಒಳ್ಳೆಯ ಅಭ್ಯಾಸವಲ್ಲ.

ಓಪನ್‌ರೇಜರ್ ಬೇಕಾ ಅನ್ನುವುದು ನಿಮ್ಮ ಬಳಕೆಯ ಮೇಲೆ. ಬರೀ ಬಣ್ಣ ಸಾಕು ಅಂದರೆ ಬೇಡ. ಮೌಸ್‌ನ ಡಿಪಿಐ (ಪಾಯಿಂಟರ್ ಎಷ್ಟು ಬೇಗ ಓಡಬೇಕು ಅನ್ನುವುದು) ಬದಲಿಸಬೇಕು, ಬ್ಯಾಟರಿ ಎಷ್ಟಿದೆ ನೋಡಬೇಕು ಅಂದರೆ ಬೇಕು. ಅದಕ್ಕೆ ಸ್ವಂತ ವಿಂಡೋ ಇಲ್ಲ, ಪಾಲಿಕ್ರೊಮ್ಯಾಟಿಕ್ ಅಥವಾ ರೇಜರ್‌ಜಿನೀ ಜೊತೆಗೆ ಹಾಕಿಕೊಳ್ಳಿ. ಓಪನ್‌ರೇಜರ್ ಕರ್ನಲ್ ಮಾಡ್ಯೂಲ್ ಆದ್ದರಿಂದ, ಸಹಿ ಇಲ್ಲದ ಕೋಡ್ ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿ ಮಾಡದೆ ಲೋಡ್ ಆಗುವುದಿಲ್ಲ. ಎರಡನ್ನೂ ಇಟ್ಟುಕೊಂಡರೆ ಬಣ್ಣದ ಕೆಲಸ ಒಂದಕ್ಕೆ ಮಾತ್ರ ಬಿಡಿ, ಇನ್ನೊಂದರಲ್ಲಿ ಆ ಡಿವೈಸ್ ತೆಗೆದುಬಿಡಿ.

ಮತ್ತೊಬ್ಬರ ಪ್ರಶ್ನೆ: ಸರ್, ನನ್ನದು ಕೊರ್ಸೇರ್ ಕೀಬೋರ್ಡ್ ಮತ್ತು ಲಿಕ್ವಿಡ್ ಕೂಲರ್. ನನಗೂ ಇದೇನಾ?

ಉತ್ತರ: ಕೂಲರ್ ವಿಷಯದಲ್ಲಿ ನನ್ನ ಆಯ್ಕೆ ಬೇರೆ. ಅಲ್ಲಿ ಬಣ್ಣಕ್ಕಿಂತ ಪಂಪ್ ಮತ್ತು ಫ್ಯಾನ್ ಮುಖ್ಯ. ಓಪನ್‌ಆರ್‌ಜಿಬಿ ಅದನ್ನು ನೋಡಿಕೊಳ್ಳುವುದಿಲ್ಲ. ಲಿಕ್ವಿಡ್‌ಸಿಟಿಎಲ್ ಅನ್ನುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಪಂಪ್, ಫ್ಯಾನ್, ಲೈಟ್ ಮೂರನ್ನೂ ನಡೆಸುತ್ತದೆ, ಆದರೆ ಕಮಾಂಡ್ ಬರೆಯಬೇಕು. ಲಿನಕ್ಸ್‌ನಲ್ಲಿ ವಿಂಡೋ ಬೇಕಿದ್ದರೆ ಕೂಲರ್‌ಕಂಟ್ರೋಲ್ ಇದೆ. ಕೀಬೋರ್ಡ್‌ಗೆ ಲಿನಕ್ಸ್‌ನಲ್ಲಿ ಸಿಕೆಬಿ-ನೆಕ್ಸ್ಟ್ ನೋಡಿ, ಕೀಗಳ ಕೆಲಸವನ್ನೂ ಅದರಲ್ಲಿ ಬದಲಿಸಬಹುದು.

ಮೊದಲಿನವರ ಪ್ರಶ್ನೆ: ಇನ್ನೊಂದು ಸರ್. ಮದರ್‌ಬೋರ್ಡ್‌ಗೆ ಹಾಕಿದ ಎಲ್‌ಇಡಿ ಸ್ಟ್ರಿಪ್ ಓಪನ್‌ಆರ್‌ಜಿಬಿಯಲ್ಲಿ ಕಾಣಿಸುತ್ತಿದೆ, ಆದರೆ ಹತ್ತುತ್ತಿಲ್ಲ. ಸ್ಟ್ರಿಪ್ ಕೆಟ್ಟಿದೆಯಾ?

ಉತ್ತರ: ಕೆಟ್ಟಿದೆ ಅಂತ ಈಗಲೇ ತೀರ್ಮಾನಿಸಬೇಡಿ. 3 ಪಿನ್‌ನ 5 ವೋಲ್ಟ್ ಸ್ಟ್ರಿಪ್‌ನಲ್ಲಿ ಎಷ್ಟು ಎಲ್‌ಇಡಿ ಇವೆ ಅಂತ ಬೋರ್ಡ್‌ಗೆ ತಾನಾಗಿ ಗೊತ್ತಾಗುವುದಿಲ್ಲ. ಓಪನ್‌ಆರ್‌ಜಿಬಿಯಲ್ಲಿ ಆ ಸ್ಟ್ರಿಪ್‌ನ ಭಾಗವನ್ನು (ಝೋನ್) ಆರಿಸಿ, ರಿಸೈಜ್ ಒತ್ತಿ, ಎಲ್‌ಇಡಿಗಳನ್ನು ಎಣಿಸಿ ಸಂಖ್ಯೆ ಕೊಡಿ. ಸಂಖ್ಯೆ ಸೊನ್ನೆ ಇದ್ದರೆ ಏನೂ ಹತ್ತುವುದಿಲ್ಲ. ಕಡಿಮೆ ಕೊಟ್ಟರೆ ಕೊನೆಯವು ನಿಮ್ಮ ಮಾತು ಕೇಳುವುದಿಲ್ಲ.

ಬೋರ್ಡ್ ಮೇಲೆ ಸ್ಟ್ರಿಪ್ ಚುಚ್ಚುವ ಜಾಗಕ್ಕೆ ಹೆಡರ್ ಅನ್ನುತ್ತಾರೆ. 4 ಪಿನ್‌ನ ಹೆಡರ್ 12 ವೋಲ್ಟ್‌ನದು. ಅದಕ್ಕೆ 5 ವೋಲ್ಟ್ ಸ್ಟ್ರಿಪ್ ಚುಚ್ಚಿದರೆ ಎಲ್‌ಇಡಿ ಸುಟ್ಟೇ ಹೋಗುತ್ತದೆ, ಆಮೇಲೆ ಯಾವ ಸಾಫ್ಟ್‌ವೇರೂ ಏನೂ ಮಾಡಲಾರದು. ಹೆಡರ್ ಪಕ್ಕ ಬರೆದಿರುವುದನ್ನು ಟಾರ್ಚ್ ಹಿಡಿದು ಓದಿಯೇ ಚುಚ್ಚಿ.

ಪ್ರಶ್ನೆ: ಸಂಖ್ಯೆ ಕೊಟ್ಟ ಕೂಡಲೇ ಹತ್ತಿತು ಸರ್! ಆದರೆ ರೀಸ್ಟಾರ್ಟ್ ಮಾಡಿದರೆ ಮತ್ತೆ ಹಳೆಯ ಬಣ್ಣಗಳೇ ಬರುತ್ತವೆ. ಶಟ್‌ಡೌನ್ ಮಾಡಿದ ಮೇಲೂ ಮದರ್‌ಬೋರ್ಡ್ ಲೈಟ್ ಉರಿಯುತ್ತಲೇ ಇರುತ್ತದೆ, ನಿದ್ದೆಗೆ ತೊಂದರೆ.

ಉತ್ತರ: ನೀವು ಡೈರೆಕ್ಟ್ ಮೋಡ್‌ನಲ್ಲಿ ಇದ್ದೀರಿ ಅನ್ನಿಸುತ್ತದೆ. ಅದರಲ್ಲಿ ಬಣ್ಣ ಕಂಪ್ಯೂಟರ್‌ನಿಂದ ಹೋಗುತ್ತಿರುತ್ತದೆ, ಚಿಪ್‌ನಲ್ಲಿ ಉಳಿಯುವುದಿಲ್ಲ. ಒಂದೇ ಬಣ್ಣ ಸಾಕು ಅಂದರೆ ಸ್ಟ್ಯಾಟಿಕ್ ಮೋಡ್ ಹಾಕಿ. ಡಿವೈಸ್‌ನಲ್ಲೇ ಉಳಿಸುವ ಬಟನ್ ಕಂಡರೆ ಒಂದು ಸಲ ಒತ್ತಿ ಬಿಡಿ. ಪದೇ ಪದೇ ಬೇಡ, ಒಳಗಿನ ಫ್ಲ್ಯಾಶ್ ಮೆಮೊರಿಗೆ ಬರೆಯುವ ಮಿತಿ ಇರುತ್ತದೆ. ಎಫೆಕ್ಟ್‌ಗಳು ಬೇಕೇ ಬೇಕು ಅಂದರೆ ಪ್ರೊಫೈಲ್ ಉಳಿಸಿ, ಲಾಗಿನ್ ಆದಾಗ ತಾನೇ ಶುರುವಾಗುವ ಹಾಗೆ ಮಾಡಿಕೊಳ್ಳಿ.

ಶಟ್‌ಡೌನ್ ಆದ ಮೇಲೆ ಉರಿಯುವುದಕ್ಕೆ ಸಾಫ್ಟ್‌ವೇರ್ ಬದಲಿಸಿ ಫಲವಿಲ್ಲ, ಆಗ ಯಾವುದೂ ಓಡುತ್ತಲೇ ಇರುವುದಿಲ್ಲ. ಬಯಾಸ್‌ಗೆ ಹೋಗಿ ಲೈಟ್ ಆಫ್ ಮಾಡುವ ಆಯ್ಕೆ ಇದೆಯಾ ನೋಡಿ, ಈಗಿನ ಬಹಳ ಬೋರ್ಡ್‌ಗಳಲ್ಲಿ ಇರುತ್ತದೆ. ಇಲ್ಲದಿದ್ದರೆ ಅಲ್ಲೇ ಇಆರ್‌ಪಿ ಆನ್ ಮಾಡಿ, ಪಿಸಿ ಆಫ್ ಇರುವಾಗ ಬೋರ್ಡ್ ಎಳೆಯುವ ಕರೆಂಟನ್ನು ಕಡಿಮೆ ಮಾಡುವ ಆಯ್ಕೆ ಅದು. ಆದರೆ ಅದನ್ನು ಹಾಕಿದರೆ ಪಿಸಿ ಆಫ್ ಇರುವಾಗ ಯುಎಸ್‌ಬಿಯಲ್ಲಿ ಫೋನ್ ಚಾರ್ಜ್ ಆಗುವುದು, ಕೀಬೋರ್ಡ್ ಒತ್ತಿ ಪಿಸಿ ಆನ್ ಮಾಡುವುದು ನಿಲ್ಲಬಹುದು. ಅವು ನಿಮಗೆ ಬೇಕಾದವಾದರೆ ಹೇಳಿ, ಬೋರ್ಡ್ ಮಾಡೆಲ್ ನೋಡಿ ಬೇರೆ ದಾರಿ ಹುಡುಕೋಣ.