ಇನ್‌ಫೀಲ್ಡ್ ಫ್ಲೈ, ಕೈತಪ್ಪಿದ ಮೂರನೇ ಸ್ಟ್ರೈಕ್, ಟೈ ಆದರೆ ಯಾರಿಗೆ? ಸಾಫ್ಟ್‌ಬಾಲ್, ಬೇಸ್‌ಬಾಲ್ ಗೊತ್ತಿರುವವರು ಹೇಳಿ

ಸಿಂಧು_ಜರ್ಸಿ:

ನಮಸ್ಕಾರ. ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗಳಿಗೆ 12 ವರ್ಷ, ಸಾಫ್ಟ್‌ಬಾಲ್ ಆಡುತ್ತಾಳೆ. ಅವಳ ತಮ್ಮ ಬೇಸ್‌ಬಾಲ್ ತಂಡಕ್ಕೆ ಸೇರಿದ್ದಾನೆ. ನಾನೂ ನಮ್ಮ ಮನೆಯವರೂ ಕ್ರಿಕೆಟ್ ನೋಡಿ ಬೆಳೆದವರು. ಹೊಡೆಯೋದು, ಓಡೋದು, ಕ್ಯಾಚ್ ಹಿಡಿಯೋದು ಎಲ್ಲ ಅರ್ಥವಾಗುತ್ತದೆ, ಆದರೆ ಅಂಪೈರ್ ಏನಾದರೂ ವಿಚಿತ್ರ ತೀರ್ಪು ಕೊಟ್ಟಾಗ ಪಕ್ಕದಲ್ಲಿ ಕೂತ ಅಪ್ಪ ಅಮ್ಮಂದಿರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಕಳೆದ ಶನಿವಾರ ಹೀಗಾಯಿತು. ನಮ್ಮ ಹುಡುಗಿಯರ ಬ್ಯಾಟಿಂಗ್. ಒಂದು ಔಟ್ ಆಗಿತ್ತು, ಫಸ್ಟ್ ಮತ್ತು ಸೆಕೆಂಡ್ ಬೇಸಿನಲ್ಲಿ ರನ್ನರ್‌ಗಳಿದ್ದರು (ಫಸ್ಟ್, ಸೆಕೆಂಡ್, ಥರ್ಡ್ ಬೇಸ್ ಮುಟ್ಟಿ ಹೋಮ್‌ಗೆ ವಾಪಸ್ ಬಂದರೆ ಒಂದು ರನ್). ಬ್ಯಾಟರ್ ಹೊಡೆದ ಬಾಲ್ ಎತ್ತರಕ್ಕೆ ಹೋಯಿತು. ಶಾರ್ಟ್‌ಸ್ಟಾಪ್, ಅಂದರೆ ಸೆಕೆಂಡ್ ಮತ್ತು ಥರ್ಡ್ ನಡುವೆ ನಿಲ್ಲುವ ಫೀಲ್ಡರ್, ಅದರ ಕೆಳಗೆ ಆರಾಮಾಗಿ ನಿಂತಿದ್ದಳು. ಬಾಲ್ ಇನ್ನೂ ಮೇಲಿರುವಾಗಲೇ ಅಂಪೈರ್ ಬ್ಯಾಟರ್ ಔಟ್ ಅಂದುಬಿಟ್ಟರು. ಆಮೇಲೆ ಆ ಹುಡುಗಿ ಕ್ಯಾಚ್ ಬಿಟ್ಟಳು. ಸೆಕೆಂಡ್‌ನಲ್ಲಿದ್ದ ನನ್ನ ಮಗಳು ಗಾಬರಿಯಾಗಿ ಥರ್ಡ್ ಕಡೆ ಓಡಿದಳು. ಅವಳಿಗಿಂತ ಮೊದಲೇ ಬಾಲ್ ಅಲ್ಲಿಗೆ ಬಂತು, ಅಲ್ಲಿದ್ದ ಹುಡುಗಿ ಬಾಲ್ ಹಿಡಿದು ಬೇಸ್ ತುಳಿದಳು. ಎಲ್ಲರೂ ಔಟ್ ಅಂತ ಕೂಗಿದರು. ಅಂಪೈರ್ ಮಾತ್ರ ಸೇಫ್ ಅಂದರು! ಹಿಡಿಯದ ಕ್ಯಾಚಿಗೆ ಔಟ್, ಬಾಲ್ ಇಟ್ಟುಕೊಂಡು ಬೇಸ್ ತುಳಿದರೆ ಔಟ್ ಇಲ್ಲ. ಇದು ಹೇಗೆ?

ಇನ್ನೊಂದು. ಬೀಸಿ ತಪ್ಪಿದರೆ ಅಥವಾ ಹೊಡೆಯಬೇಕಾದ ಬಾಲ್ ಬಿಟ್ಟರೆ ಸ್ಟ್ರೈಕ್, ಮೂರಾದರೆ ಔಟ್ ಅಂತ ಗೊತ್ತು. ಆದರೆ ಮೂರನೇ ಸ್ಟ್ರೈಕ್ ಆದಮೇಲೂ ಒಬ್ಬಳು ಫಸ್ಟ್ ಬೇಸಿಗೆ ಓಡಿ ಸೇಫ್ ಆದಳು, ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಥರ) ಬಾಲ್ ಹಿಡಿಯಲಿಲ್ಲವಂತೆ. ಸರಿ ಅಂದುಕೊಂಡೆ. ಮುಂದಿನ ಇನ್ನಿಂಗ್ಸಿನಲ್ಲಿ ಒಂದೂ ಔಟ್ ಆಗಿರಲಿಲ್ಲ, ಫಸ್ಟ್ ಬೇಸಿನಲ್ಲಿ ಒಬ್ಬಳಿದ್ದಳು, ಇದೇ ಥರ ಕ್ಯಾಚರ್ ಬಾಲ್ ಬಿಟ್ಟಳು, ಆದರೆ ಈ ಸಲ ಬ್ಯಾಟರ್ ಔಟ್ ಅಂತ ವಾಪಸ್ ಕಳಿಸಿದರು.

ಕೊನೆಯದು, ಬಾಲೂ ರನ್ನರೂ ಒಟ್ಟಿಗೆ ಬೇಸಿಗೆ ಬಂದರೆ ರನ್ನರ್‌ಗೆ ಲಾಭ ಅನ್ನುತ್ತಾರಲ್ಲ, ಅದು ನಿಜವಾಗಿ ನಿಯಮವಾ? ನಿಯಮ ಏನು ಅನ್ನೋದರ ಜೊತೆಗೆ ಯಾಕೆ ಹಾಗಿದೆ ಅಂತಲೂ ಹೇಳಿದರೆ ಮಗಳಿಗೆ ಕೂರಿಸಿ ಹೇಳಬಹುದು. ಮೊನ್ನೆ ಸೇಫ್ ಆದರೂ ಅವಳು ತಾನೇನೋ ತಪ್ಪು ಮಾಡಿದೆ ಅಂತ ಅಳುತ್ತಿದ್ದಳು.

ವೀಕೆಂಡ್_ಅಂಪೈರ್:

ಸಿಂಧು ಮೇಡಂ, ನಾನು ಟೆಕ್ಸಸ್‌ನಲ್ಲಿ ಮಕ್ಕಳ ಪಂದ್ಯಗಳಿಗೆ ಅಂಪೈರ್ ಆಗಿ ನಿಲ್ಲುತ್ತೇನೆ. ಮೊದಲಿಗೆ, ನಿಮ್ಮ ಅಂಪೈರ್ ಮೂರೂ ತೀರ್ಪನ್ನು ಸರಿಯಾಗಿ ಕೊಟ್ಟಿದ್ದಾರೆ. ಅವರಿಗೊಂದು ಥ್ಯಾಂಕ್ಸ್ ಹೇಳಿ, ನಮಗೆ ಅದು ಸಿಗೋದು ಅಪರೂಪ.

ಇಲ್ಲಿ ಎಲ್ಲಕ್ಕೂ ಮೂಲ ಫೋರ್ಸ್. ಕ್ರಿಕೆಟ್‌ನಲ್ಲಿ ಹೊಡೆದಮೇಲೆ ಓಡಲೇಬೇಕು ಅಂತಿಲ್ಲ. ಇಲ್ಲಿ ಫೇರ್ ಜಾಗದಲ್ಲಿ, ಅಂದರೆ ಎರಡು ಗೆರೆಗಳ ಒಳಗೆ, ಬಾಲ್ ನೆಲಕ್ಕೆ ಬಿತ್ತೆಂದರೆ ಬ್ಯಾಟರ್ ಓಡಲೇಬೇಕು. ಒಂದು ಬೇಸಿಗೆ ಒಬ್ಬರೇ. ಬ್ಯಾಟರ್ ಫಸ್ಟ್‌ಗೆ ಬರುತ್ತಾಳೆ ಅಂದರೆ ಅಲ್ಲಿದ್ದವಳು ಸೆಕೆಂಡ್‌ಗೆ ಹೋಗಲೇಬೇಕು, ಸೆಕೆಂಡ್‌ನಲ್ಲಿದ್ದವಳು ಥರ್ಡ್‌ಗೆ. ಹೀಗೆ ಹಿಂದಿನವರು ತಳ್ಳುತ್ತಿರುವಾಗ ಮಾತ್ರ ಫೀಲ್ಡರ್ ಬಾಲ್ ಹಿಡಿದು ಮುಂದಿನ ಬೇಸ್ ತುಳಿದರೆ ಸಾಕು, ರನ್ನರ್ ಔಟ್. ತಳ್ಳುವವರು ಇಲ್ಲವಾದರೆ ಬಾಲಿನಿಂದ, ಅಥವಾ ಬಾಲ್ ಇರುವ ಗ್ಲೌಸಿನಿಂದ ರನ್ನರನ್ನೇ ಮುಟ್ಟಬೇಕು. ಅದು ಟ್ಯಾಗ್.

ಈಗ ಆ ಎತ್ತರದ ಹೊಡೆತಕ್ಕೆ ಬನ್ನಿ. ಅಂಥ ಬಾಲ್ ಮೇಲೆ ಹೋದಾಗ ರನ್ನರ್‌ಗಳು ಬೇಸ್ ಬಿಟ್ಟು ಹೋಗುವ ಹಾಗಿಲ್ಲ, ಕ್ಯಾಚ್ ಆದರೆ ವಾಪಸ್ ಬರಬೇಕಲ್ಲ. ಅವರು ಬೇಸ್ ಹತ್ತಿರವೇ ನಿಂತಿರುತ್ತಾರೆ. ಶಾರ್ಟ್‌ಸ್ಟಾಪ್ ಬೇಕಂತಲೇ ಬಾಲನ್ನು ನೆಲಕ್ಕೆ ಬಿಟ್ಟರೆ? ಆ ಕ್ಷಣದಲ್ಲಿ ಫೋರ್ಸ್ ಹುಟ್ಟಿಕೊಳ್ಳುತ್ತದೆ. ಬಾಲ್ ಎತ್ತಿ ಥರ್ಡ್‌ಗೆ ಎಸೆದು, ಅಲ್ಲಿಂದ ಸೆಕೆಂಡ್‌ಗೆ ಎಸೆದರೆ ಸುಲಭವಾಗಿ ಎರಡು ಔಟ್. ರನ್ನರ್ ನಿಂತರೂ ಕಷ್ಟ, ಓಡಿದರೂ ಕಷ್ಟ. ಕ್ಯಾಚ್ ಬಿಟ್ಟವರಿಗೆ ಬಹುಮಾನ ಸಿಗುವ ಈ ದಾರಿಯನ್ನು ಮುಚ್ಚೋದಕ್ಕೇ 1890ರ ದಶಕದಲ್ಲಿ ಇನ್‌ಫೀಲ್ಡ್ ಫ್ಲೈ ನಿಯಮ ಬಂತು. ಎರಡಕ್ಕಿಂತ ಕಡಿಮೆ ಔಟ್, ಫಸ್ಟ್ ಮತ್ತು ಸೆಕೆಂಡ್‌ನಲ್ಲಿ ರನ್ನರ್ ಅಥವಾ ಮೂರೂ ಬೇಸ್ ಭರ್ತಿ, ಇನ್‌ಫೀಲ್ಡರ್ (ಬೇಸ್‌ಗಳ ಹತ್ತಿರದ ಫೀಲ್ಡರ್) ಸಾಧಾರಣ ಪ್ರಯತ್ನದಲ್ಲಿ ಹಿಡಿಯಬಹುದಾದ ಫೇರ್ ಕ್ಯಾಚ್. ಇಷ್ಟಿದ್ದರೆ ಹಿಡಿದರೂ ಬಿಟ್ಟರೂ ಬ್ಯಾಟರ್ ಔಟ್. ನೇರವಾಗಿ ಜೋರಾಗಿ ಹಾರುವ ಲೈನ್ ಡ್ರೈವ್‌ಗೂ, ಬ್ಯಾಟನ್ನು ಬೀಸದೇ ಮೆಲ್ಲಗೆ ತಾಗಿಸುವ ಬಂಟ್‌ಗೂ ಇದು ಲೆಕ್ಕಕ್ಕಿಲ್ಲ.

ಬ್ಯಾಟರ್ ಔಟ್ ಆದಮೇಲೆ ಫಸ್ಟ್‌ಗೆ ಬರುವವರು ಯಾರೂ ಇಲ್ಲ, ಅಂದರೆ ಯಾರ ಮೇಲೂ ಫೋರ್ಸ್ ಇಲ್ಲ. ಅದಕ್ಕೇ ಥರ್ಡ್ ಬೇಸ್ ತುಳಿದದ್ದು ಉಪಯೋಗಕ್ಕೆ ಬರಲಿಲ್ಲ, ನಿಮ್ಮ ಮಗಳನ್ನು ಮುಟ್ಟಬೇಕಿತ್ತು. ಆದರೆ ಬಾಲ್ ಜೀವಂತವಾಗಿಯೇ ಇರುತ್ತದೆ, ಓಡುವುದಾದರೆ ಸ್ವಂತ ಜವಾಬ್ದಾರಿಯಲ್ಲಿ ಓಡಬಹುದು. ಅವಳಿಗೆ ಹೇಳಿ, ಇನ್‌ಫೀಲ್ಡ್ ಫ್ಲೈ ಅಂತ ಕೇಳಿಸಿದರೆ ಬೇಸ್ ಮೇಲೆ ಸುಮ್ನೆ ನಿಲ್ಲು, ನಿನ್ನನ್ನು ಯಾರೂ ಎಬ್ಬಿಸಲಾರರು.

ದೊಡ್ಡವರಿಗೂ ಇದು ತಲೆನೋವೇ. 2012ರ ಅಕ್ಟೋಬರ್ 5ರಂದು ಅಟ್ಲಾಂಟಾದಲ್ಲಿ ಬ್ರೇವ್ಸ್ ಮತ್ತು ಕಾರ್ಡಿನಲ್ಸ್ ತಂಡಗಳ ನಡುವಿನ ವೈಲ್ಡ್ ಕಾರ್ಡ್ (ಮೇಜರ್ ಲೀಗ್ ಪ್ಲೇಆಫ್) ಪಂದ್ಯದ ಎಂಟನೇ ಇನ್ನಿಂಗ್ಸಿನಲ್ಲಿ ಬಾಲ್ ಲೆಫ್ಟ್ ಫೀಲ್ಡಿನ ಹುಲ್ಲಿನ ಮೇಲೆ ಎಷ್ಟೋ ದೂರ ಹೋಗಿ ಬಿದ್ದರೂ ಅಂಪೈರ್ ಸ್ಯಾಮ್ ಹೋಲ್‌ಬ್ರೂಕ್ ಇನ್‌ಫೀಲ್ಡ್ ಫ್ಲೈ ಕೊಟ್ಟರು. ಜನ ಬಾಟಲಿ, ಕಸ ಎಲ್ಲ ಮೈದಾನಕ್ಕೆ ಎಸೆದರು, ಆಟ 19 ನಿಮಿಷ ನಿಂತಿತು. ಇನ್‌ಫೀಲ್ಡರ್ ಸಾಧಾರಣ ಪ್ರಯತ್ನದಲ್ಲಿ ಹಿಡಿಯಬಹುದಾ ಅನ್ನೋದಷ್ಟೇ ಪ್ರಶ್ನೆ, ಎಲ್ಲಿ ಬಿತ್ತು ಅನ್ನೋದಲ್ಲ. ಆದರೂ ಅದು ಸಾಧಾರಣ ಪ್ರಯತ್ನವಾಗಿತ್ತು ಅಂತ ನನಗೆ ಈಗಲೂ ಅನಿಸುವುದಿಲ್ಲ. ಶಾರ್ಟ್‌ಸ್ಟಾಪ್ ಹಿಂದಕ್ಕೆ ತುಂಬ ದೂರ ಓಡಬೇಕಾಗಿತ್ತು.

ಮೂರನೇ ಸ್ಟ್ರೈಕಿಗೂ ಕಾರಣ ಇದೇ. ಕ್ಯಾಚರ್ ಬಾಲನ್ನು ಹಿಡಿದರೆ ಮಾತ್ರ ಆ ಔಟ್ ಪೂರ್ತಿ. ನೆಲಕ್ಕೆ ಪುಟಿದು ಬಂದದ್ದನ್ನು ಹಿಡಿದರೂ ಹಿಡಿದ ಲೆಕ್ಕವಲ್ಲ. ಹಿಡಿಯದಿದ್ದರೆ ಬ್ಯಾಟರ್ ಓಡಬಹುದು. ಆದರೆ ಫಸ್ಟ್ ಬೇಸಿನಲ್ಲಿ ಆಗಲೇ ಒಬ್ಬಳಿದ್ದು ಔಟ್ ಎರಡಕ್ಕಿಂತ ಕಡಿಮೆ ಇದ್ದರೆ, ಕ್ಯಾಚರ್ ಬೇಕಂತಲೇ ಬಾಲ್ ಬೀಳಿಸಿ ಸೆಕೆಂಡ್‌ಗೆ, ಅಲ್ಲಿಂದ ಫಸ್ಟ್‌ಗೆ ಎಸೆದು ಎರಡು ಔಟ್ ಮಾಡಿಬಿಡಬಹುದು. ಅದನ್ನು ತಡೆಯಲು ಬ್ಯಾಟರನ್ನು ನೇರವಾಗಿ ಔಟ್ ಕೊಡುತ್ತಾರೆ. ಎರಡು ಔಟ್ ಆಗಿದ್ದರೆ ಬೇಕಾಗಿರೋದು ಒಂದೇ, ಮೋಸದಿಂದ ಲಾಭವಿಲ್ಲ, ಹಾಗಾಗಿ ಫಸ್ಟ್‌ನಲ್ಲಿ ಯಾರಿದ್ದರೂ ಓಡಬಹುದು. ತೀರಾ ಚಿಕ್ಕ ಮಕ್ಕಳ ಲೀಗುಗಳಲ್ಲಿ ಈ ನಿಯಮವನ್ನೇ ಕೈಬಿಟ್ಟಿರುತ್ತಾರೆ, ಮಗನ ಲೀಗಿನಲ್ಲಿ ಕೇಳಿನೋಡಿ.

ಶಿವು_ದಾವಣಗೆರೆ:

ಮೇಲಿನ ಉತ್ತರ ತುಂಬ ಚೆನ್ನಾಗಿದೆ ಸರ್. ನಾನು ಕಾಲೇಜಿನ ದಿನಗಳಲ್ಲಿ ಅಂತರ ವಿಶ್ವವಿದ್ಯಾಲಯ ಸಾಫ್ಟ್‌ಬಾಲ್ ಆಡಿದವನು, ಕ್ಯಾಚರ್ ಆಗಿ. ಸಾಫ್ಟ್‌ಬಾಲ್ ನಮ್ಮಲ್ಲಿ ಶಾಲೆ ಕಾಲೇಜುಗಳಲ್ಲಿ ಇದೆ ಅನ್ನೋದೇ ಎಷ್ಟೋ ಜನರಿಗೆ ಗೊತ್ತಿಲ್ಲ, ಅದು ಬೇಜಾರಿನ ವಿಷಯ.

ಮೂರನೇ ಸ್ಟ್ರೈಕ್ ಅಂದರೆ ಕ್ಯಾಚರ್‌ಗೆ ಎಷ್ಟು ಭಾರ ಅಂತ ಒಂದು ಪಂದ್ಯ ನೆನಪಿಸುತ್ತೇನೆ. 1941ರ ವರ್ಲ್ಡ್ ಸೀರೀಸ್ (ಅಮೆರಿಕದ ಬೇಸ್‌ಬಾಲ್‌ನ ಫೈನಲ್ ಸರಣಿ), ನಾಲ್ಕನೇ ಪಂದ್ಯ, ಬ್ರೂಕ್ಲಿನ್‌ನ ಎಬೆಟ್ಸ್ ಫೀಲ್ಡ್. ಡಾಜರ್ಸ್ ತಂಡ ಯಾಂಕೀಸ್ ವಿರುದ್ಧ 4-3 ಮುಂದೆ, ಒಂಬತ್ತನೇ ಇನ್ನಿಂಗ್ಸ್, ಎರಡು ಔಟ್, ಬೇಸ್ ಮೇಲೆ ಯಾರೂ ಇಲ್ಲ. ಯಾಂಕೀಸ್‌ನ ಟಾಮಿ ಹೆನ್ರಿಕ್ ಬೀಸಿದ, ಬಾಲ್ ತಾಗಲಿಲ್ಲ, ಮೂರನೇ ಸ್ಟ್ರೈಕ್. ಪಂದ್ಯ ಮುಗಿಯಿತು ಅನ್ನುವಷ್ಟರಲ್ಲಿ ಬಾಲ್ ಕ್ಯಾಚರ್ ಮಿಕ್ಕಿ ಓವನ್ ಕೈತಪ್ಪಿ ಹಿಂದಕ್ಕೆ ಹೋಯಿತು, ಹೆನ್ರಿಕ್ ಫಸ್ಟ್‌ಗೆ ಓಡಿದ. ಆಮೇಲೆ ಯಾಂಕೀಸ್ ನಾಲ್ಕು ರನ್ ಹೊಡೆದು 7-4ರಿಂದ ಗೆದ್ದರು. ಮರುದಿನ ಸೀರೀಸೇ ಅವರದಾಯಿತು. ಅದಕ್ಕೇ ಮಗಳಿಗೆ ಹೇಳಿ, ಸ್ಟ್ರೈಕ್ ಔಟ್ ಆದೆ ಅಂತ ತಲೆತಗ್ಗಿಸಿ ನಡೆಯಬಾರದು, ಮೊದಲು ಹಿಂದೆ ತಿರುಗಿ ಬಾಲ್ ಎಲ್ಲಿದೆ ಅಂತ ನೋಡಬೇಕು.

ಮಗ ಬೇಸ್‌ಬಾಲ್, ಮಗಳು ಸಾಫ್ಟ್‌ಬಾಲ್ ಅಂದಿರಲ್ಲ, ಮನೆಯಲ್ಲಿ ಎರಡನ್ನೂ ಬೆರೆಸಿ ಹೇಳಿಕೊಡಬೇಡಿ. ದೊಡ್ಡವರ ಬೇಸ್‌ಬಾಲ್‌ನಲ್ಲಿ ಬೇಸಿನಿಂದ ಬೇಸಿಗೆ 90 ಅಡಿ, ಪಿಚರ್ (ಬಾಲ್ ಎಸೆಯುವವನು) ನಿಲ್ಲೋದು 60 ಅಡಿ 6 ಇಂಚು ದೂರದಲ್ಲಿ, 9 ಇನ್ನಿಂಗ್ಸ್. ಮಹಿಳೆಯರ ಫಾಸ್ಟ್‌ಪಿಚ್ (ವೇಗವಾಗಿ ಬಾಲ್ ಎಸೆಯುವ) ಸಾಫ್ಟ್‌ಬಾಲ್‌ನಲ್ಲಿ ಬೇಸ್ 60 ಅಡಿ, ಪಿಚರ್ 43 ಅಡಿ, 7 ಇನ್ನಿಂಗ್ಸ್. ಬೇಸ್ ಇಷ್ಟು ಹತ್ತಿರ ಇರುವುದರಿಂದ ರನ್ನರ್ ಮೊದಲೇ ನಾಲ್ಕು ಹೆಜ್ಜೆ ಮುಂದೆ ನಿಂತರೆ ಅವಳನ್ನು ತಡೆಯೋದೇ ಕಷ್ಟ. ಅದಕ್ಕೆ ಬಾಲ್ ಪಿಚರ್ ಕೈ ಬಿಡುವವರೆಗೂ ಕಾಲು ಬೇಸ್ ಮೇಲೇ ಇರಬೇಕು. ಮೊದಲೇ ಬಿಟ್ಟರೆ ಔಟ್. ಹುಡುಗನ ಆಟ ಟೀವಿಯಲ್ಲಿ ನೋಡಿ ಹುಡುಗಿ ಹಾಗೇ ಮುಂದೆ ಹೋಗಿ ನಿಂತರೆ ಮುಗಿಯಿತು.

ಇನ್ನೊಂದು ಜಾಸ್ತಿ ಜನ ತಪ್ಪು ತಿಳಿಯೋದು ಸಾಫ್ಟ್‌ಬಾಲ್‌ನ ಜೋಡಿ ಫಸ್ಟ್ ಬೇಸ್. ಬಿಳಿ ಭಾಗ ಫೇರ್ ಜಾಗದಲ್ಲಿ, ಕಿತ್ತಳೆ ಭಾಗ ಫೌಲ್ ಜಾಗದಲ್ಲಿ, ಅಂದರೆ ಗೆರೆಯ ಹೊರಗೆ. ಹೊಡೆದು ಓಡಿಬರುವವಳಿಗೆ ಕಿತ್ತಳೆ, ಫೀಲ್ಡರ್‌ಗೆ ಬಿಳಿ. ಇಬ್ಬರ ಕಾಲು ಒಂದೇ ಜಾಗಕ್ಕೆ ಬಂದು ಡಿಕ್ಕಿ ಆಗಬಾರದು ಅಂತ. ಒಳ್ಳೆಯ ಏರ್ಪಾಡು, ಬೇಸ್‌ಬಾಲ್‌ನಲ್ಲೂ ಎಲ್ಲ ಕಡೆ ಬರಬೇಕು.

ಟೈ ಬಗ್ಗೆ: ಹೌದು, ರನ್ನರ್‌ಗೇ ಲಾಭ.

ವೀಕೆಂಡ್_ಅಂಪೈರ್:

ಶಿವು ಅವರೇ, ಟೈ ವಿಷಯ ಮಾತ್ರ ಅಷ್ಟು ಸರಳವಲ್ಲ. ನಿಯಮ ಪುಸ್ತಕದಲ್ಲಿ ಟೈ ಆದರೆ ರನ್ನರ್‌ಗೆ ಅಂತ ಎಲ್ಲೂ ಬರೆದಿಲ್ಲ. ಬೇಸ್‌ಬಾಲ್ ನಿಯಮ ಹೇಳೋದು ಇಷ್ಟು: ಹೊಡೆದವನು ಫಸ್ಟ್ ಬೇಸ್ ಮುಟ್ಟುವುದಕ್ಕೆ ಮೊದಲು ಅವನನ್ನೋ ಬೇಸನ್ನೋ ಟ್ಯಾಗ್ ಮಾಡಿದರೆ ಅವನು ಔಟ್. ಅದನ್ನು ಅಕ್ಷರಶಃ ಓದಿದರೆ ನಿಜವಾಗಿ ಸಮ ಬಂದಾಗ ಔಟ್ ಇಲ್ಲ, ನೀವು ಹೇಳಿದ್ದೇ ಆಗುತ್ತದೆ. ಆದರೆ ಮೈದಾನದಲ್ಲಿ ನಾವು ಟೈ ಅಂತ ತೀರ್ಪು ಕೊಡುವುದೇ ಇಲ್ಲ. ಕಣ್ಣು ಬೇಸ್ ಮೇಲೆ, ಕಿವಿ ಗ್ಲೌಸಿನ ಸದ್ದಿನ ಕಡೆ. ಯಾವುದು ಮೊದಲು ಅಂತ ನಿರ್ಧರಿಸಲೇಬೇಕು. ಕೋಚ್ ಬಂದು "ಟೈ ಅಲ್ವಾ ಸರ್?" ಅಂದರೆ ನನ್ನ ಉತ್ತರ ಒಂದೇ, ಬಾಲ್ ಮೊದಲು ಬಂತು ಅಥವಾ ರನ್ನರ್ ಮೊದಲು ಬಂದ.

ಬೇ_ಏರಿಯಾ_ರವಿ:

ಒಳ್ಳೆಯ ಚರ್ಚೆ. ಅಪ್ಪ ಅಮ್ಮಂದಿರ ಬಾಯಲ್ಲಿ ಸದಾ ಇರುವ ಇನ್ನೆರಡು ತಪ್ಪುಗಳನ್ನೂ ಸೇರಿಸುತ್ತೇನೆ. ಕೈ ಬ್ಯಾಟಿನ ಭಾಗ ಅನ್ನುತ್ತಾರೆ, ಅಲ್ಲ. ಬೀಸುತ್ತಿರುವಾಗ ಬಾಲ್ ಬೆರಳಿಗೆ ಬಡಿದರೆ ಅದು ಫೌಲ್ ಅಲ್ಲ, ಸ್ಟ್ರೈಕ್, ಬಾಲ್ ಅಲ್ಲಿಗೇ ಡೆಡ್. ಫಸ್ಟ್ ಬೇಸ್ ದಾಟಿ ಓಡಿದಮೇಲೆ ಬಲಕ್ಕೇ ತಿರುಗಬೇಕು ಅನ್ನೋದೂ ಸುಳ್ಳು. ಎಡಕ್ಕೂ ತಿರುಗಬಹುದು, ಸೆಕೆಂಡ್ ಕಡೆ ಹೋಗುವ ಪ್ರಯತ್ನ ಮಾಡಬಾರದು ಅಷ್ಟೇ.

ಫೋರ್ಸ್ ಎಷ್ಟು ಮುಖ್ಯ ಅಂತ ತಿಳಿಯಲು 1908ರ ಸೆಪ್ಟೆಂಬರ್ 23ರ ಕಥೆ ಮಗಳಿಗೆ ಹೇಳಿ. ನ್ಯೂಯಾರ್ಕ್‌ನ ಪೋಲೋ ಗ್ರೌಂಡ್ಸ್, ಜೈಂಟ್ಸ್ ವಿರುದ್ಧ ಕಬ್ಸ್, 1-1 ಸಮ, ಒಂಬತ್ತನೇ ಇನ್ನಿಂಗ್ಸ್, ಜೈಂಟ್ಸ್ ಬ್ಯಾಟಿಂಗ್, ಎರಡು ಔಟ್. ಥರ್ಡ್‌ನಲ್ಲಿ ಮೂಸ್ ಮೆಕಾರ್ಮಿಕ್, ಫಸ್ಟ್‌ನಲ್ಲಿ 19 ವರ್ಷದ ಫ್ರೆಡ್ ಮರ್ಕಲ್. ಆಲ್ ಬ್ರಿಡ್ವೆಲ್ ಹೊಡೆದ, ಮೆಕಾರ್ಮಿಕ್ ಹೋಮ್ ಮುಟ್ಟಿದ, ಗೆದ್ದೆವು ಅಂತ ಜನ ಮೈದಾನಕ್ಕೆ ನುಗ್ಗಿದರು. ಮರ್ಕಲ್ ಸೆಕೆಂಡ್ ಬೇಸ್ ಮುಟ್ಟದೇ ಕ್ಲಬ್‌ಹೌಸ್ ಕಡೆ ತಿರುಗಿದ. ಕಬ್ಸ್‌ನ ಜಾನಿ ಎವರ್ಸ್ ಬಾಲ್ ತರಿಸಿಕೊಂಡು ಸೆಕೆಂಡ್ ತುಳಿದ. ಮೂರನೇ ಔಟ್ ಫೋರ್ಸ್ ಔಟ್ ಆದರೆ ಆ ಆಟದಲ್ಲಿ ಬಂದ ರನ್ ಲೆಕ್ಕಕ್ಕಿಲ್ಲ. ಅಂಪೈರ್ ಹ್ಯಾಂಕ್ ಓಡೇ ರನ್ ರದ್ದು ಮಾಡಿದರು, ಪಂದ್ಯ ಟೈ. ಸೀಸನ್ ಕೊನೆಗೆ ಎರಡೂ ತಂಡ ಅಂಕಪಟ್ಟಿಯಲ್ಲಿ ಸಮಬಲದಲ್ಲಿ ನಿಂತು, ಅಕ್ಟೋಬರ್ 8ರಂದು ಆ ಪಂದ್ಯವನ್ನು ಮತ್ತೆ ಆಡಿದರು, ಕಬ್ಸ್ ಗೆದ್ದರು. ಮರ್ಕಲ್ ಬದುಕಿಡೀ ಆ ಒಂದು ಹೆಜ್ಜೆಗಾಗಿ ಬೈಸಿಕೊಂಡ. ಆ ಕಾಲದಲ್ಲಿ ಅಂಥ ಹೊಡೆತಕ್ಕೆ ಸೆಕೆಂಡ್ ಮುಟ್ಟದೇ ಹೋಗೋದು ಎಲ್ಲರಿಗೂ ರೂಢಿಯಾಗಿತ್ತು, ಆ ಹುಡುಗನ ಮೇಲೆ ಮಾತ್ರ ಹೊರಿಸಿದ್ದು ಅನ್ಯಾಯ.

ಸಿಂಧು_ಜರ್ಸಿ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಮಗಳಿಗೆ ಫೋರ್ಸ್ ಬಗ್ಗೆ ಓದಿ ಹೇಳಿದೆ, ಅವಳು ಪೆನ್ಸಿಲ್ ಹಿಡಿದು ಕೂತುಬಿಟ್ಟಳು. ಅವಳದೇ ಒಂದು ಪ್ರಶ್ನೆ. ಒಂದು ಔಟ್, ಫಸ್ಟ್ ಮತ್ತು ಥರ್ಡ್‌ನಲ್ಲಿ ರನ್ನರ್. ಔಟ್‌ಫೀಲ್ಡಿನಲ್ಲಿ ಕ್ಯಾಚ್ ಆಯಿತು, ಎರಡು ಔಟ್. ಥರ್ಡ್‌ನವಳು ಕ್ಯಾಚ್ ಆದಮೇಲೆ ಓಡಿ ಹೋಮ್ ಮುಟ್ಟಿದಳು. ಫಸ್ಟ್‌ನವಳು ಮೊದಲೇ ಸೆಕೆಂಡ್ ಕಡೆ ಓಡಿಬಿಟ್ಟಿದ್ದಳು, ವಾಪಸ್ ಬರುವಷ್ಟರಲ್ಲಿ ಬಾಲ್ ಫಸ್ಟ್‌ಗೆ ಬಂದು ಮೂರನೇ ಔಟ್. ಬೇಸ್ ತುಳಿದು ಮಾಡಿದ ಔಟ್ ತಾನೇ, ಹಾಗಾದರೆ ಇದೂ ಫೋರ್ಸ್, ರನ್ ಇಲ್ಲ ಅಂತ ಅವಳ ವಾದ.

ವೀಕೆಂಡ್_ಅಂಪೈರ್:

ಪುಟ್ಟಿಗೆ ಶಭಾಷ್ ಹೇಳಿ, ಈ ಪ್ರಶ್ನೆಗೆ ಕೋಚ್‌ಗಳೇ ಎಡವುತ್ತಾರೆ. ಬೇಸ್ ತುಳಿದ ಮಾತ್ರಕ್ಕೆ ಫೋರ್ಸ್ ಅಲ್ಲ. ಫೋರ್ಸ್ ಅಂದರೆ ಹಿಂದಿನವರು ಮುಂದಕ್ಕೆ ತಳ್ಳೋದು. ಇಲ್ಲಿ ಬ್ಯಾಟರ್ ಕ್ಯಾಚ್ ಔಟ್ ಆಗಿದ್ದಾಳೆ, ತಳ್ಳುವವರಿಲ್ಲ. ಫಸ್ಟ್‌ನವಳು ಔಟ್ ಆಗಿದ್ದು ಹಿಂದಕ್ಕೆ ಬರದೇ ಇದ್ದದ್ದಕ್ಕೆ. ಹಾಗಾಗಿ ಸಮಯ ಮಾತ್ರ ನೋಡಬೇಕು. ಮೂರನೇ ಔಟ್ ಆಗುವ ಮೊದಲೇ ಥರ್ಡ್‌ನವಳು ಹೋಮ್ ಮುಟ್ಟಿದ್ದರೆ ರನ್ ಇದೆ, ಆಮೇಲೆ ಮುಟ್ಟಿದ್ದರೆ ಇಲ್ಲ. ಬೇಸ್‌ಬಾಲ್, ಸಾಫ್ಟ್‌ಬಾಲ್ ಎರಡಕ್ಕೂ ಇದೇ ಲೆಕ್ಕ. ಅವಳು ಥರ್ಡ್‌ನಲ್ಲಿರುವಾಗ ಇಂಥ ಕ್ಯಾಚ್ ಆದರೆ ನಿಧಾನ ಮಾಡದೇ, ಹಿಂದೆ ತಿರುಗಿ ನೋಡದೇ ಹೋಮ್ ಮುಟ್ಟುವವರೆಗೂ ಜೋರಾಗಿ ಓಡಲಿ.