ಮಗನ ಮೋಷನ್ ಟೆಸ್ಟಲ್ಲಿ ಬ್ಲಾಸ್ಟೋಸಿಸ್ಟಿಸ್ ಬಂದಿದೆ, ಮಾತ್ರೆ ಕೊಡ್ಬೇಕಾ?

ಚಾಮರಾಜಪೇಟೆ_ಅಮ್ಮ
ನಮಸ್ಕಾರ ಎಲ್ರಿಗೂ. ಮಗನಿಗೆ ಆರು ವರ್ಷ, ಆಗಾಗ ಹೊಟ್ಟೆನೋವು ಅಂತಾನೆ, ಒಂದೊಂದ್ ದಿನ ಲೂಸ್ ಮೋಷನ್ನೂ ಆಗತ್ತೆ, ಟೆಸ್ಟ್ ಮಾಡ್ಸಿದ್ರೆ ಬ್ಲಾಸ್ಟೋಸಿಸ್ಟಿಸ್ ಅನ್ನೋ ಕರುಳಿನ ಸೂಕ್ಷ್ಮಜೀವಿ ಇದೆ ಅಂತ ಬಂತು. ತೂಕ ಸರಿ ಇದೆ, ಜ್ವರ ಇಲ್ಲ. ಒಬ್ಬ ಡಾಕ್ಟ್ರು ಮೆಟ್ರೋನಿಡಜೋಲ್ ಅನ್ನೋ ಮಾತ್ರೆ ಕೊಡಿ ಅಂದ್ರು, ಇನ್ನೊಬ್ರು ಏನೂ ಬೇಡ ಅಂದ್ರು. ನಮ್ದು ಟ್ಯಾಂಕರ್ ನೀರು, ಸಂಪಿಗೆ ಬ್ಲೀಚಿಂಗ್ ಪೌಡರ್ ಹಾಕಿಸ್ತೀವಿ, ಆದ್ರೂ ಹೇಗ್ ಬಂತು? ತುಂಬಾ ಭಯ ಆಗ್ತಿದೆ.

ಮೈಕ್ರೋ_ಮೇಷ್ಟ್ರು
ಭಯ ಬೇಡ ಮೇಡಂ. ಬ್ಲಾಸ್ಟೋಸಿಸ್ಟಿಸ್ ಆರೋಗ್ಯವಾಗಿರೋ ಎಷ್ಟೋ ಜನರ ಕರುಳಲ್ಲೂ ಇರತ್ತೆ, ಇದಕ್ಕೆ ಹೆಸರಿಟ್ಟು ನೂರು ವರ್ಷದ ಮೇಲಾಯ್ತು, ಇವತ್ತಿಗೂ ಇದು ರೋಗ ತರತ್ತಾ ಇಲ್ವಾ ಅಂತ ತಜ್ಞರಲ್ಲೇ ಒಮ್ಮತ ಇಲ್ಲ. ಇದರಲ್ಲಿ ಸಬ್‌ಟೈಪ್‌ಗಳು, ಅಂದ್ರೆ ಒಳಬಗೆಗಳು, ಬಹಳ, ಮೈಕ್ರೋಸ್ಕೋಪಲ್ಲಿ ಎಲ್ಲಾ ಒಂದೇ ಥರ ಕಾಣತ್ತೆ. ಅದಕ್ಕೇ ಇಬ್ರು ಡಾಕ್ಟ್ರು ಎರಡು ಥರ ಹೇಳಿರೋದು. ನನ್ ಪ್ರಕಾರ ಮೊದಲು ಬೇರೆ ಕಾರಣ ಹುಡುಕ್ಬೇಕು. ಜಿಯಾರ್ಡಿಯಾ ಅನ್ನೋ ಇನ್ನೊಂದು ಕರುಳಿನ ಪರಾವಲಂಬಿ ಪ್ರತಿದಿನ ಮೋಷನಲ್ಲಿ ಬೀಳಲ್ಲ, ಬೇರೆ ಬೇರೆ ದಿನದ ಮೂರು ಸ್ಯಾಂಪಲ್ ಕೊಡಿ.

ಲ್ಯಾಬ್_ಹುಡುಗಿ_ಕೆಂಗೇರಿ
ಮೇಷ್ಟ್ರು ಹೇಳಿದ್ದು ಸರಿ. ಬ್ಲೀಚಿಂಗ್ ಪೌಡರ್ ವಿಷ್ಯಕ್ಕೆ ಬರ್ತೀನಿ ಅಕ್ಕ, ಕ್ರಿಪ್ಟೋಸ್ಪೊರಿಡಿಯಂ ಅಂತ ಇನ್ನೊಂದು ಪರಾವಲಂಬಿ ಇದೆ, ಅದರ ಊಸಿಸ್ಟ್ (ಗಟ್ಟಿ ಕವಚದ ಮೊಟ್ಟೆಯಂಥ ರೂಪ) 4–6 ಮೈಕ್ರಾನ್ ಅಷ್ಟೇ, ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಲ್ಲಿ ಸಾವಿರದ ಒಂದು ಪಾಲು, ನಾವು ನೀರಿಗೆ ಹಾಕೋ ಬ್ಲೀಚಿಂಗ್ ಪೌಡರಿನ ಕ್ಲೋರಿನ್‌ಗೆ ಅದು ಸಾಯಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿ ಊರಲ್ಲಿ ಶುದ್ಧೀಕರಿಸಿದ ನಲ್ಲಿ ನೀರು ಕುಡಿದೇ ಸುಮಾರು 4 ಲಕ್ಷ ಜನಕ್ಕೆ ಇದರಿಂದ ಕಾಯಿಲೆ ಬಂತು. ಚೆನ್ನಾಗಿ ಕುದಿಸಿದ್ರೆ ಸಾಯತ್ತೆ.

ನಿಮ್ ಮಗನಿಗೆ ಅದೇ ಇದೆ ಅಂತಲ್ಲ, ಆದ್ರೆ ಮಾಮೂಲಿ ಟೆಸ್ಟಲ್ಲಿ ಅದು ಸುಲಭವಾಗಿ ತಪ್ಪಿಸ್ಕೊಳತ್ತೆ, ಸೈಕ್ಲೋಸ್ಪೊರಾ ಅನ್ನೋ ಮತ್ತೊಂದು ಪರಾವಲಂಬಿನೂ ಅಷ್ಟೇ, ಎರಡಕ್ಕೂ ಮಾಡಿಫೈಡ್ ಆಸಿಡ್ ಫಾಸ್ಟ್ ಸ್ಟೇನ್ ಅಂತ ವಿಶೇಷ ಬಣ್ಣ ಹಾಕಿ ನೋಡೋ ಟೆಸ್ಟ್ ಬೇಕು, ಡಾಕ್ಟ್ರು ಚೀಟೀಲಿ ಬರೆದ್ರೇನೇ ಲ್ಯಾಬಲ್ಲಿ ಮಾಡೋದು. ಮೆಟ್ರೋನಿಡಜೋಲ್ ಈ ಎರಡಕ್ಕೂ ಕೆಲಸ ಮಾಡಲ್ಲ. ನಂಗೆ ನಿಜಕ್ಕೂ ಸಂಕಟ ಆಗೋದು ಇಲ್ಲೇ, ಹುಡುಕದೇ ಇರೋದು ಯಾವ ಲೆಕ್ಕಕ್ಕೂ ಸಿಗಲ್ಲ, ಲೆಕ್ಕಕ್ಕೆ ಸಿಗ್ದೇ ಇದ್ರೆ ಯಾವ ಏರಿಯಾ ನೀರಲ್ಲಿ ತೊಂದ್ರೆ ಇದೆ ಅಂತ ಯಾರಿಗ್ ಗೊತ್ತಾಗತ್ತೆ? ಎಚ್‌ಐವಿ ಇರೋರಿಗೆ, ಸೊರಗಿರೋ ಪುಟ್ಟ ಮಕ್ಕಳಿಗೆ ಕ್ರಿಪ್ಟೋಸ್ಪೊರಿಡಿಯಂ ಜೀವಕ್ಕೇ ಕುತ್ತು.

ಚಾಮರಾಜಪೇಟೆ_ಅಮ್ಮ
ತುಂಬಾ ಥ್ಯಾಂಕ್ಸ್. ಕುಡಿಯೋಕೆ ಕುದಿಸಿದ ನೀರೇ, ಆದ್ರೆ ಹಲ್ಲುಜ್ಜೋದು ಸಂಪಿನ ನೀರಲ್ಲಿ, ಪರವಾಗಿಲ್ವಾ?

ಲ್ಯಾಬ್_ಹುಡುಗಿ_ಕೆಂಗೇರಿ
ಬೇಡ ಅಕ್ಕ, ಮಕ್ಕಳು ನುಂಗಿಬಿಡ್ತಾರೆ. ಅದಕ್ಕೂ ಕುದಿಸಿ ಆರಿಸಿದ್ದೇ ಇಡಿ, ಹಸಿ ತಿನ್ನೋ ಸೌತೆಕಾಯಿ ಕೊತ್ತಂಬರಿ ತೊಳೆಯೋಕೂ ಅದೇ ನೀರು. ಟಾಯ್ಲೆಟ್‌ಗೆ ಹೋಗ್ಬಂದ್ಮೇಲೆ ಸೋಪ್ ಹಾಕಿ ಕೈ ತೊಳೆಸಿ, ಸ್ಯಾನಿಟೈಸರ್ ಸಾಕಾಗಲ್ಲ. ಸ್ಯಾಂಪಲ್ ಬೇಗ ಲ್ಯಾಬಿಗೆ ತಲುಪಿಸಿ.