ಅಪ್‌ಡೇಟ್: ಮಾವನ ಕತ್ತಿಗೆ ಕೊನೆಗೆ ಆಪರೇಷನ್ನೇ ಆಯ್ತು

ಅಟ್ಟದ ಏಣಿಯಿಂದ ಬಿದ್ದು ಮಾವನ ಕತ್ತಿನ ಎರಡನೇ ಮೂಳೆ ಮುರಿದಿದೆ, ಕಾಲರ್ ಸಾಕಾ, ಆಪರೇಷನ್ ಬೇಕಾ ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಎಂಆರ್‌ಐನಲ್ಲಿ ನರಹುರಿಗೆ ಪೆಟ್ಟಾಗಿಲ್ಲ ಅಂತ ಗೊತ್ತಾಯಿತು. ಅದೇ ದೊಡ್ಡ ಸಮಾಧಾನ. ಆದರೆ ಮುರಿದದ್ದು ಆ ಮೂಳೆಯ ಮೇಲಿನ ಗೂಟದಂಥ ಭಾಗದ ಬುಡದಲ್ಲಿ. ವಯಸ್ಸಾದವರಿಗೆ ಬರೀ ಕಾಲರ್ ಹಾಕಿದರೆ ಅದು ಕೂಡಿಕೊಳ್ಳದೆ ಉಳಿಯುವ ಸಾಧ್ಯತೆ ಜಾಸ್ತಿಯಂತೆ. ಹ್ಯಾಲೋ, ಅಂದರೆ ತಲೆಬುರುಡೆಗೆ ಪಿನ್ ಕೂರಿಸಿ ಎದೆಯ ಜಾಕೆಟ್ಟಿಗೆ ಬಿಗಿಯುವ ಚೌಕಟ್ಟು, 70 ದಾಟಿದವರಿಗೆ ಬೇಡ ಅಂದರು. ಉಸಿರಾಟ, ನುಂಗುವುದು ಎರಡಕ್ಕೂ ತೊಂದರೆಯಾಗಬಹುದಂತೆ.

ಹಾಗಾಗಿ ಹಿಂದಿನಿಂದ ಸ್ಕ್ರೂ, ರಾಡ್ ಹಾಕಿ ಮೇಲಿನ ಎರಡು ಮೂಳೆ ಬೆಸೆದರು. ಕತ್ತು ತಿರುಗುವುದು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಅಂತ ಮೊದಲೇ ಹೇಳಿದ್ದರು. ಈಗ ಕಾಲರ್ ಹಾಕಿಕೊಂಡು ಓಡಾಡುತ್ತಿದ್ದಾರೆ. ಸ್ಕೂಟರ್ ಕೀ ಮಾತ್ರ ಅತ್ತೆ ಬಚ್ಚಿಟ್ಟಿದ್ದಾರೆ!